ಕೂಸಿನ ನಾಲಿಗೆಗೆ ನಾನು ಹಚ್ಚಿದ ಬೆಲ್ಲ

ವಾಂತಿ ಶುರುವಾದದ್ದು ತೊಟ್ಟಿಲಿಗೆ ಹಾಕಿದ ಮೇಲೆ. ಮೊದಲು ಒಡೆದ ಹಾಲು. ಆಮೇಲೆ ಬರೀ ನೀರು. ಕೂಸಿನ ಅಳು ಕಡಿಮೆಯಾಯಿತು, ಕಣ್ಣು ಹಳದಿಯಾಯಿತು. ಮಹಾಲಿಂಗಪುರದಿಂದ ಕೂಸಿನ ಅಪ್ಪ, ನನ್ನ ತಮ್ಮ ಸಿದ್ದು ಫೋನ್ ಮಾಡಿ, "ಅಕ್ಕಾ, ಕೂಸು ಹಾಲು ಕುಡಿಯಾಕ ಒಲ್ಲದು. ಏನ ಮಾಡೂನು?" ಅಂದ. ಇಲ್ಲಿಗೇ ಕರೆದುಕೊಂಡು ಬಾ ಅಂದೆ.

ನಾನು ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ. ನವಜಾತ ಶಿಶುಗಳ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು, ಅವುಗಳ ದೇಹ ಏನನ್ನು ಅರಗಿಸಲಾರದು, ಯಾವ ಜೀನ್‌ನಲ್ಲಿ ದೋಷವಿದೆ ಎಂದು ಹುಡುಕುವುದೇ ಇಷ್ಟು ವರ್ಷ ಮಾಡಿದ ಕೆಲಸ. ಮುಧೋಳ, ಬೀಳಗಿ ಕಡೆಯಿಂದ ಬರುವ ತಾಯಂದಿರಿಗೆ, ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ನನ್ನ ಮನೆಯಲ್ಲಿ ಮಾತ್ರ ಆ ಮಾತು ಹೊರಗೆ ಬರಲಿಲ್ಲ.

ನಮ್ಮದು ಗಾಣದ ಮನೆ. ಕಬ್ಬು ಅರೆದು ಬೆಲ್ಲ ಮಾಡುವವರು. ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಬೆಲ್ಲ ನೆಕ್ಕಿಸಲು ಯಾರನ್ನಾದರೂ ಆರಿಸಿ ಕರೆಯುತ್ತೇವೆ. ನೆಕ್ಕಿಸಿದವರ ಗುಣ ಕೂಸಿಗೆ ಬರುತ್ತದೆಂದು ನಂಬಿಕೆ.

"ಗಂಗಾ, ನೀನ ನೆಕ್ಕಸು. ನಿನ್ನಂಗ ಶಾಣ್ಯಾ ಆಗಲಿ" ಅಂದಳು ಅವ್ವ.

ಓಣಿಯ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಬೇಡ ಅನ್ನಬೇಕಿತ್ತು. ಓದಿದ್ದು ಮರೆತುಹೋಯಿತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು, ಆದರೆ ಅವ್ವನ ಆ ಮಾತು ಅದಕ್ಕಿಂತ ಹಿತವಾಗಿತ್ತು. ಕಿರುಬೆರಳನ್ನು ಬೆಲ್ಲದ ನೀರಿನಲ್ಲಿ ಅದ್ದಿ ಕೂಸಿನ ನಾಲಿಗೆಗೆ ಹಚ್ಚಿದೆ. ಕೂಸು ಚಪ್ಪರಿಸಿತು, ಎಲ್ಲರೂ ನಕ್ಕರು.

ಆಸ್ಪತ್ರೆಯಲ್ಲಿ ಕೂಸನ್ನು ಎನ್‌ಐಸಿಯುಗೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಹಾಕಿದರು. ಲಿವರ್ ದೊಡ್ಡದಾಗಿತ್ತು, ಬ್ಲಡ್ ಶುಗರ್ ಪೂರ್ತಿ ಇಳಿದಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ನನ್ನ ಉಪನ್ಯಾಸಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವರು. "ರಕ್ತಕ್ಕೆ ಸೋಂಕು ತಗುಲಿರಬಹುದು ಮೇಡಂ, ಸೆಪ್ಸಿಸ್" ಅಂದವರು ಕೂಸಿನ ತಾಯಿಯತ್ತ ತಿರುಗಿ, "ಎದೆಹಾಲು ಬಿಟ್ಟು ಬೇರೆ ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದರು.

ತಾಯಿ ಸಾವಿತ್ರಿ ನನ್ನ ಅಕ್ಕನ ಮಗಳು. ಸೋದರಮಾವನಾದ ಸಿದ್ದುಗೇ ಅವಳನ್ನು ತಂದುಕೊಂಡಿದ್ದೆವು. ಆ ಮದುವೆಯಲ್ಲಿ ಅಕ್ಕಿಕಾಳು ಹಾಕಿದವರಲ್ಲಿ ನಾನೂ ಒಬ್ಬಳು. ಸಾವಿತ್ರಿ ಒಮ್ಮೆ ನನ್ನ ಮುಖ ನೋಡಿದಳು.

"ಇಲ್ರಿ. ಬರೇ ಎದಿಹಾಲು."

ನಾನು ಸುಮ್ಮನೆ ನಿಂತೆ.

ಒಂದು ಬೆರಳು ಬೆಲ್ಲ, ಅದೇನು ಮಾಡೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಸಂಗತಿ ಅದಲ್ಲ. ಆ ಡಾಕ್ಟರ ಮುಂದೆ ಮರ್ಯಾದೆ ಹೋದೀತು ಎಂಬ ಅಳುಕು. ಕೂಸಿನ ಜೀವ ತೂಗಾಡುತ್ತಿರುವಾಗ ನಾನು ನನ್ನ ಮುಖ ಉಳಿಸಿಕೊಳ್ಳುತ್ತಿದ್ದೆ.

ಗ್ಲೂಕೋಸ್ ಡ್ರಿಪ್ ಹಚ್ಚಿದ ಮೇಲೆ ಕೂಸು ಚೇತರಿಸಿಕೊಂಡಿತು. ಕೈಕಾಲು ಆಡಿಸಿತು. ತಾಯಿಯ ಮಗ್ಗುಲಿಗೆ, ವಾರ್ಡಿಗೆ ಕೊಟ್ಟರು. ಅಲ್ಲಿ ಮತ್ತೆ ವಾಂತಿ, ಮತ್ತೆ ಶುಗರ್ ಇಳಿಯಿತು.

ಈ ಸಲ ಫಿಟ್ಸ್ ಬಂತು.

ಕೂಸನ್ನು ಒಳಗೆ ಒಯ್ದ ಮೇಲೆ ಹಾಸಿಗೆ ಸರಿಪಡಿಸುತ್ತಿದ್ದೆ. ದಿಂಬಿನ ಹಿಂದೆ ಅರಿವೆ ಸುತ್ತಿದ ಸಣ್ಣ ಸ್ಟೀಲ್ ಬಾಟಲಿ ಇತ್ತು. ಇದೇನು ಎಂದು ಸಾವಿತ್ರಿಯನ್ನು ಕೇಳಿದೆ.

"ಬೆಲ್ಲದ ನೀರು, ಚಿಗವ್ವ. ನೀ ನೆಕ್ಕಿಸಿದ ದಿನದಿಂದ ಆಯಿ ದಿನಾ ಕುಡಸಾಕತ್ತಾಳ. ಇಲ್ಲಿಗೂ ಕಳಿಸ್ಯಾಳ. ನೀನ ಕೊಟ್ಟಮ್ಯಾಲ ಬ್ಯಾಡ ಅನ್ನೂದು ಹ್ಯಾಂಗ?"

ಆಯಿ ಎಂದರೆ ನನ್ನ ಅವ್ವ.

"ಡಾಕ್ಟರಿಗೆ ಯಾಕ ಹೇಳಲಿಲ್ಲ?"

"ನಿನ್ನ ಹೆಸರ ಬರತಿತ್ತು."

ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಬೆಲ್ಲ, ಸಕ್ಕರೆ, ಹಣ್ಣಿನ ಸಿಹಿಯನ್ನು ಲಿವರ್ ಅರಗಿಸಲಾರದ ಒಂದು ರೋಗವಿದೆ: ಹೆರಿಡಿಟರಿ ಫ್ರಕ್ಟೋಸ್ ಇನ್‌ಟಾಲರೆನ್ಸ್. ಅದರ ಬಗ್ಗೆ ನಾನು ಪಾಠ ಮಾಡಿದವಳು. ಬರೀ ಎದೆಹಾಲು ಕುಡಿಯುವ ಕೂಸಿಗೆ ಅದು ಬಾಧಿಸುವುದಿಲ್ಲ, ಹಾಗಾಗಿ ಯಾರೂ ಅತ್ತ ಯೋಚಿಸಲಿಲ್ಲ. ಯೋಚಿಸದಂತೆ ನಾವೇ ಮಾಡಿದ್ದೆವು.

ಬಾಟಲಿ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದೆ. "ಬೆಲ್ಲ ಕೊಟ್ಟಿದ್ದಾರೆ. ಮೊದಲು ಕೊಟ್ಟವಳು ನಾನು. ಅವತ್ತು ನೀವು ಕೇಳಿದಾಗ ಬಾಯಿ ಬಿಡಲಿಲ್ಲ" ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊದಲೇ ಹೇಳಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿ ಎದ್ದು ಕೂಸಿನ ಹತ್ತಿರ ಹೋದರು.

ಬೆಲ್ಲದ ನೀರು ನಿಂತಿತು, ಕೂಸು ಉಳಿಯಿತು. ಜೆನೆಟಿಕ್ ಟೆಸ್ಟ್ ಅದೇ ರೋಗವನ್ನು ಖಚಿತಪಡಿಸಿತು. ದೋಷವಿರುವ ಜೀನ್ ಒಂದೇ ರಕ್ತದ ತಂದೆತಾಯಿ ಇಬ್ಬರಿಂದಲೂ ಬಂದಿತ್ತು. ಸಿದ್ದು ರಿಪೋರ್ಟು ಮಡಚಿ ಜೇಬಿಗಿಟ್ಟುಕೊಂಡ. "ನಮ್ಮ ಗಾಣದ ಬೆಲ್ಲ ನಮ್ಮ ಕೂಸಿಗೇ ಆಗೂದಿಲ್ಲಂದ್ರ, ಯಾರ ಮುಂದ ಹೇಳೂನಕ್ಕಾ?" ಅಂದ. ಎಲ್ಲರ ಮುಂದೆ ಹೇಳಬೇಕು ಅಂದೆ. ಹೇಳುವಾಗ ನನ್ನ ತಲೆ ತಗ್ಗಿಯೇ ಇತ್ತು.

ಮೊನ್ನೆ ಕೂಸಿಗೆ ಮೊದಲ ಅನ್ನ ಉಣಿಸುವ ದಿನ. ಹೋಗಲು ಮನಸ್ಸಿರಲಿಲ್ಲ, ಹೋದೆ. ಪಾಯಸ ಇರಲಿಲ್ಲ, ಉಪ್ಪು ಹಾಕಿದ ಅಕ್ಕಿ ಗಂಜಿ. ಅವ್ವ ದೂರ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಾವಿತ್ರಿ ಬಟ್ಟಲು ತಂದು ನನ್ನ ಕೈಗೇ ಕೊಟ್ಟಳು.

"ಬ್ಯಾರೆ ಯಾರನರ ಕರಿ, ಸಾವಿತ್ರಿ" ಅಂದೆ.

"ಯಾರನ ಕರೀಲಿ? ಡಾಕ್ಟರ ಮುಂದ ಹೋಗಿ ಖರೆ ಹೇಳಿದಾಕಿ ನೀನ ಅಲ್ಲೇನು? ಆ ಗುಣಾನ ಬರಲಿ."

ಅದಕ್ಕೂ ಮೊದಲು ಸುಮ್ಮನೆ ನಿಂತವಳೂ ನಾನೇ ಎನ್ನಲು ಹೋದೆ. ಅಷ್ಟರಲ್ಲಿ ಕೂಸು ಬಾಯಿ ತೆರೆದಿತ್ತು. ಉಣಿಸಿದೆ.