ಕ್ರೋಯ್ಡನ್ನಿನ ಚಿತ್ರದಲ್ಲಿ ನನ್ನ ರಂಗೋಲಿ

ಬಾಗಿಲು ತೆರೆದರೆ, ಎದುರಿನ ಫುಟ್‌ಪಾತಿನಲ್ಲಿ ಒಬ್ಬ ಮುದುಕ ಮಡಚುವ ಸ್ಟೂಲಿನ ಮೇಲೆ ಕೂತು ನಮ್ಮ ಮನೆಯನ್ನೇ ದಿಟ್ಟಿಸುತ್ತಿದ್ದ. ಧಾರವಾಡದಲ್ಲಾಗಿದ್ದರೆ ಓಣಿಯವರೆಲ್ಲ ಸೇರಿ ವಿಚಾರಿಸುತ್ತಿದ್ದರು. ಇಂಗ್ಲೆಂಡಿನ ಈ ಕ್ರೋಯ್ಡನ್ನಿನಲ್ಲಿ ಪಕ್ಕದ ಮನೆಯ ಪರದೆ ಕೂಡ ಅಲುಗಲಿಲ್ಲ. ತೊಂಬತ್ತರ ದಶಕ, ನಾವು ಬಂದು ಒಂದೇ ಚಳಿಗಾಲ ಕಳೆದಿತ್ತು.

"ಕೌನ್ಸಿಲ್‌ನಾಂವ ಇರಬೇಕು. ನೆಲದ ಮ್ಯಾಲೆ ಬರದದ್ದಕ್ಕ ದಂಡ ಹಾಕ್ತಾನ, ಒಳಗ ಬಾ," ಎಂದು ನನ್ನ ಗಂಡ ಹೆದರಿದರು. ಕೌನ್ಸಿಲ್ ಎಂದರೆ ಇಲ್ಲಿಯ ನಗರಸಭೆ. ನಾನು ನೀರು ಚಿಮುಕಿಸಿ, ರಂಗೋಲಿ ಹಾಕಿಯೇ ಒಳಗೆ ಬಂದೆ.

ಆಮೇಲೆ ಗೊತ್ತಾಯಿತು, ಆತ ಮಾರ್ಸೆಲ್, ಫ್ರಾನ್ಸಿನ ಚಿತ್ರಕಾರ. ತನ್ನ ಹಳ್ಳಿಯ ಹೊಲ, ಹೊಳೆಗಳ ಚಿತ್ರ ಬರೆಯುತ್ತಿದ್ದವನು ಇಂಗ್ಲಿಷ್ ಹೆಂಗಸನ್ನು ಮದುವೆಯಾಗಿ ಬಂದು, ಆಕೆ ತೀರಿಕೊಂಡ ಮೇಲೂ ಇಲ್ಲೇ ಉಳಿದು ಈ ಬೀದಿಗಳನ್ನು ಬರೆಯುತ್ತಿದ್ದ. ಊರಿಗೆ ಹೋದರೆ ಜನ ಅವನನ್ನು ಇಂಗ್ಲಿಷರವನು ಎನ್ನುತ್ತಾರಂತೆ, ಇಲ್ಲಿ ಫ್ರೆಂಚರವನು ಎನ್ನುತ್ತಾರಂತೆ. ಪಾಪ ಎನಿಸಿ ದಿನಾ ಚಹಾ ಕೊಟ್ಟೆ.

ನಮ್ಮ ಮನೆಯ ಚಿತ್ರ ಮುಗಿದ ದಿನ ಕರೆದು ತೋರಿಸಿದ. ಕೆಂಪು ಇಟ್ಟಿಗೆ, ಬೇಲಿಯ ಮೇಲಿನ ಬಿಸಿಲು, ಪಕ್ಕದವರ ಕಸದ ಡಬ್ಬಿ, ಎಲ್ಲ ಇತ್ತು. ನನ್ನ ರಂಗೋಲಿ ಮಾತ್ರ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕಸದ ಡಬ್ಬಿಗಿರುವ ಮರ್ಯಾದೆ ನನಗಿಲ್ಲವೇ?

"ನಾನು ಉಳಿಯುವುದನ್ನು ಬರೆಯುತ್ತೇನೆ. ಅದು ಪೋಸ್ಟ್‌ಮ್ಯಾನ್ ಬೂಟಿಗೆ ಅಳಿಸಿಹೋಗುತ್ತದೆ," ಎಂದ.

"ಈ ಬಿಸಿಲು ಉಳಿಯುತ್ತದೆಯೇ? ಕ್ರೋಯ್ಡನ್ನಿನ ಬಿಸಿಲು! ರಂಗೋಲಿ ಅಳಿಸಿದರೆ ನಾಳೆ ಹಾಕಲು ನಾನಿದ್ದೇನೆ. ನಾಳೆ ಬಿಸಿಲು ಬರುವ ಖಾತರಿ ಯಾರು ಕೊಡುತ್ತಾರೆ?" ನನ್ನ ಹರುಕುಮುರುಕು ಇಂಗ್ಲಿಷಿನಲ್ಲೇ ಜಗಳ ತೆಗೆದೆ.

"ಸಾಕ್ ಬಿಡು, ಮಂದಿ ನೋಡಾಕತ್ತಾರ," ಎಂದರು ಗಂಡ ಕಿಟಕಿಯಿಂದ.

"ನೋಡ್ಲಿ! ಒಮ್ಮೆರೆ ನೋಡ್ಲಿ!" ಎಂದೆ.

ಮಾರ್ಸೆಲ್ ಸ್ಟೂಲು ಮಡಚಿಕೊಂಡು ಹೋದ. ಮರುದಿನ ನಾನು ನೀರು ಚಿಮುಕಿಸುವ ಮೊದಲೇ ಬಂದು ಕೂತಿದ್ದ.

ಬೇಸಿಗೆಯಲ್ಲಿ ಲೈಬ್ರರಿಯ ಗೋಡೆಗೆ ಅವನ ಚಿತ್ರಗಳನ್ನು ತೂಗುಹಾಕಿದರು. ನಮ್ಮ ಮನೆಯ ಚಿತ್ರದಲ್ಲಿ ಈಗ ಹೊಸ್ತಿಲ ಮುಂದೆ ತೆಳ್ಳಗಿನ ಬಿಳಿ ಎಳೆಗಳಿದ್ದವು. ಒಬ್ಬ ಇಂಗ್ಲಿಷ್ ಹೆಂಗಸು ಬಗ್ಗಿ ನೋಡಿ, "ಕರಗದೆ ಉಳಿದ ಹಿಮವೇ?" ಎಂದಳು.

"ಹಿಮವಲ್ಲ, ರಂಗೋಲಿ. ನಾನು ಹಾಕಿದ್ದು. ಅದು ನನ್ನ ಮನೆ," ಎಂದೆ ಗಟ್ಟಿಯಾಗಿ.

"ಓ! ನಿಮ್ಮ ಊರು ಯಾವುದು?"

ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ರೇಗಿಹೋಗಿ ಚಿತ್ರದ ಬಾಗಿಲಿನತ್ತ ಬೆರಳು ಚಾಚಿದೆ. ಆದರೆ ಈ ಬೀದಿಯಲ್ಲಿ ನನಗೂ ಜಾಗ ಕೊಡು ಎಂದು ಅಷ್ಟು ಜಗಳವಾಡಿದ್ದ ನನ್ನ ಬಾಯಿ, "ಧಾರವಾಡ" ಎಂದುಬಿಟ್ಟಿತು.