ಮಲಗಿದ್ದ ಮಣ್ಣೆತ್ತುಗಳು

ಎರೆಮಣ್ಣು ಉಗುರಿನ ಸಂದಿಗೆ ಸೇರಿಕೊಂಡರೆ ಸಾಬೂನಿಗೂ ಬಗ್ಗುವುದಿಲ್ಲ. ಸಂಜೆ ರೊಟ್ಟಿ ಬಡಿಯಲು ಕುಳಿತಾಗ ಬಿಳಿಯ ಹಿಟ್ಟಿನ ಮೇಲೆ ನನ್ನ ಹತ್ತು ಬೆರಳುಗಳ ತುದಿಯೂ ಕಪ್ಪಗೆ ಕಾಣುತ್ತದೆ. ನೋಡಿದವರು ಈಕೆ ಹೊಲದಿಂದ ಬಂದಳೆಂದೇ ತಿಳಿಯಬೇಕು. ನಾನು ಬರುವುದು ಕುಂದಗೋಳ ತಾಲ್ಲೂಕಿನ ಒಂದು ಸರಕಾರಿ ಶಾಲೆಯ ಮೂರನೆಯ ತರಗತಿಯಿಂದ. ಅಲ್ಲಿ ಮಕ್ಕಳಿಗೆ ಕನ್ನಡ, ಗಣಿತಗಳ ಜೊತೆಗೆ ವಾರಕ್ಕೊಮ್ಮೆ ಕೈಕೆಲಸವನ್ನೂ ಕಲಿಸುತ್ತೇನೆ. ಕಲಿಸುತ್ತೇನೆ ಎಂದು ಬರೆದ ಕೂಡಲೇ ಆ ಪದವನ್ನು ಹೊಡೆದು ಹಾಕಬೇಕೆನಿಸುತ್ತದೆ. ಯಾಕೆಂದು ನಿಮಗೆ ಹೇಳಿಬಿಡುವುದೇ ಒಳ್ಳೆಯದು.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನವದು. ಮರುದಿನ ಮನೆಮನೆಯಲ್ಲೂ ಮಣ್ಣಿನ ಎತ್ತುಗಳಿಗೆ ಪೂಜೆ. ನಾವೇ ಮಾಡಿದ್ದನ್ನು ದೇವರ ಜಗಲಿಯ ಮೇಲೆ ಇಡೋಣವೆಂದು ನಾನು ಹೇಳಿದ್ದೇ ತಡ, ಮಕ್ಕಳು ಚೀಲಗಟ್ಟಲೆ ಮಣ್ಣು ಹೊತ್ತು ತಂದಿದ್ದರು. ವರಾಂಡವೆಲ್ಲ ರಾಡಿಯಾಗಿತ್ತು. ಮೂಗಿಗೆ ಮೆತ್ತಿಕೊಂಡವರು, ಪಕ್ಕದವರ ಎತ್ತಿನ ಕೋಡು ಕಿತ್ತು ತಮ್ಮದಕ್ಕೆ ಅಂಟಿಸಿಕೊಂಡವರು, ಎಲ್ಲರ ನಡುವೆ ಶಿವಲೀಲಾ ಎಂಬ ಹುಡುಗಿ ಮಾತಿಲ್ಲದೆ ಕೂತು ಒಂದು ಜೋಡಿ ಎತ್ತು ಮುಗಿಸಿದ್ದಳು. ಎರಡು ಎತ್ತುಗಳೂ ಕಾಲು ಮಡಚಿ ನೆಲಕ್ಕೆ ಹೊಟ್ಟೆಯಾನಿಸಿ ಮಲಗಿದ್ದವು. ನಿಲ್ಲುವ ಕಾಲು ಮಾಡಲು ಬಾರದೆ ಮಲಗಿಸಿದ್ದಾಳೆ ಎಂದುಕೊಂಡೆ. ಎಂದುಕೊಂಡವಳು ಸುಮ್ಮನಿರಲಿಲ್ಲ. ಕಸಬರಿಗೆಯ ಕಡ್ಡಿ ಮುರಿದು, ಅದಕ್ಕೆ ಮಣ್ಣು ಮೆತ್ತಿ, ಎಂಟು ಕಾಲು ಮಾಡಿ, ಎರಡನ್ನೂ ಎಬ್ಬಿಸಿ ನಿಲ್ಲಿಸಿದೆ.

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ನನಗೆ ಸಾಕ್ಷಿಗಳನ್ನು ಅನುಮಾನಿಸುವುದು ರೂಢಿ. ನನ್ನ ದಿನಚರಿಯೂ ಒಂದು ಸಾಕ್ಷಿಯೇ. ಆ ದಿನದ ಪುಟದಲ್ಲಿ ಹೀಗಿದೆ: ‘ಶಿವಲೀಲಾಳ ಎತ್ತುಗಳಿಗೆ ಕಾಲು ಮಾಡಿಕೊಟ್ಟೆ. ಚೆನ್ನಾಗಿ ನಿಂತವು. ಹುಡುಗಿಗೆ ಖುಷಿ.’ ಕೊನೆಯ ಎರಡು ಪದಗಳಿಗೆ ನನ್ನ ಬಳಿ ಯಾವ ಆಧಾರವೂ ಇಲ್ಲ. ಎಷ್ಟು ನೆನಪಿಸಿಕೊಂಡರೂ ಅವಳ ಮುಖ ಕಾಣುವುದಿಲ್ಲ. ಕಾಣುವುದು ನನ್ನ ಕೈಗಳು ಮಾತ್ರ, ಅವುಗಳ ಚುರುಕು ಮಾತ್ರ.

ಅಮಾವಾಸ್ಯೆ ಕಳೆದ ಮೇಲೆ ಬಸ್ಸಿಗಾಗಿ ನಿಂತಿದ್ದಾಗ ಅವಳ ಅಜ್ಜಿ ಸಿಕ್ಕರು. ನಮ್ಮ ಕಡೆ ಶಿಕ್ಷಕಿಯೆಂದರೆ ಊರಿಗೆಲ್ಲ ಅಕ್ಕೋರು.

“ಏನ್ರೀ ಅಕ್ಕೋರ, ವರ್ಷಪೂರ್ತಿ ದುಡಿಯೂ ಎತ್ತಿಗೆ ಅಮಾಸಿಗಾದ್ರೂ ಸೂಟಿ ಬ್ಯಾಡೇನ್ರಿ? ನಿಮಗರೆ ಐತವಾರಕ್ಕೊಮ್ಮೆ ಸೂಟಿ ಐತಿ,” ಎಂದು ನಕ್ಕರು. ನಾನೂ ಅರ್ಥವಾಗದೆಯೇ ನಕ್ಕೆ. ಆಮೇಲೆ ಅವರು ಸ್ವರ ತಗ್ಗಿಸಿ ಹೇಳಿದರು: “ಜಗಲಿ ಮ್ಯಾಲ ಇಡವಾ ಅಂದ್ರ ಒಲ್ಲೆ ಅಂತು ಕೂಸು. ಇವು ಅಕ್ಕೋರ ಎತ್ತು, ನನ್ನವಲ್ಲ ಅಂತು.” ಕೊನೆಗೆ ಕುಂಬಾರರ ಮನೆಯಿಂದ ಒಂದು ಜೋಡಿ ತಂದು ಪೂಜೆ ಮುಗಿಸಿದರಂತೆ.

ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆಸಿಕೊಂಡು ನೆರಳಲ್ಲಿ ಮಲಗಿ ಮೆಲುಕು ಹಾಕುವುದೇ ಅವಕ್ಕೆ ಅಂದಿನ ಕೆಲಸ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗಿದು ಗೊತ್ತಿಲ್ಲದ ಸಂಗತಿಯಲ್ಲ. ಆ ಹುಡುಗಿ ಕಂಡದ್ದನ್ನು ಕಂಡಂತೆ ಮಾಡಿದ್ದಳು. ನಾನು ಹಬ್ಬದ ದಿನ ಅವಳ ಎತ್ತುಗಳನ್ನು ದುಡಿಮೆಗೆ ಎಬ್ಬಿಸಿದ್ದೆ. ಎತ್ತು ಎಂದರೆ ನಿಂತಿರಬೇಕು ಎಂಬುದು ನನ್ನ ತಲೆಗೆ ಎಲ್ಲಿಂದ ಬಂತೋ, ಬಹುಶಃ ಗೋಡೆಗೆ ತೂಗುಹಾಕಿದ ಪಾಠದ ಚಿತ್ರಪಟದಿಂದ.

ಮಣ್ಣಿನ ಎತ್ತು ಹೋದರೆ ಹೋಯಿತು, ಮುಂದಿನ ವರ್ಷ ಮತ್ತೊಂದು. ಆದರೆ ಆಮೇಲೆ ಶಿವಲೀಲಾ ಏನು ಮಾಡುವ ಮೊದಲೂ ನನ್ನ ಮುಖ ನೋಡತೊಡಗಿದಳು. ಕಾಗದ ಎಲ್ಲಿ ಮಡಚಲಿ, ಗಿಳಿಗೆ ಯಾವ ಬಣ್ಣ, ಗೆರೆ ಇಲ್ಲಿಗೆ ನಿಲ್ಲಿಸಲೇ, ಎಲ್ಲಕ್ಕೂ “ಹಿಂಗ ಮಾಡ್ಲೇನ್ರಿ ಅಕ್ಕೋರ?” ಅವಳಷ್ಟು ವಿಧೇಯ ಮಗು ತರಗತಿಯಲ್ಲಿ ಇನ್ನೊಂದಿರಲಿಲ್ಲ; ಅದೇ ನನಗೆ ದಿಗಿಲು. ಒಂದು ದಿನ ಪಕ್ಕಕ್ಕೆ ಕರೆದು, ಅವತ್ತು ನನ್ನದು ತಪ್ಪಾಯಿತು ಎಂದೆ. ಎಂಟು ವರ್ಷದ ಹುಡುಗಿ ದೊಡ್ಡವರ ಕ್ಷಮಾಪಣೆಯನ್ನು ತೆಗೆದುಕೊಂಡು ಏನು ಮಾಡಿಯಾಳು? ತಲೆ ತಗ್ಗಿಸಿ, ಕರಿಹಲಗೆ ಒರೆಸಲೇ ಎಂದು ಕೇಳಿದಳು.

ಮುಂದಿನ ಕೈಕೆಲಸದ ದಿನ ನಾನು ಓಡಾಡುವುದನ್ನು ಬಿಟ್ಟು, ಒಂದು ಉಂಡೆ ಮಣ್ಣು ಹಿಡಿದು ಅವಳ ಪಕ್ಕದಲ್ಲೇ ಕೂತೆ. ಅದು ಉಪಾಯವಾಗಿತ್ತೋ, ಸೋಲಾಗಿತ್ತೋ, ಈಗ ಹೇಳಲಾರೆ. ಕೋಳಿ ಮಾಡತೊಡಗಿದೆ. ಮಾಡುತ್ತ ಮಾಡುತ್ತ ಹುಡುಗಿಯನ್ನು ಮರೆತೆ, ಇದು ಮಾತ್ರ ನಿಜ. ಕುತ್ತಿಗೆಯನ್ನು ನೀಳವಾಗಿ ಎಳೆದು, ನೀರು ಸವರಿ ನುಣುಪು ಮಾಡಿ, ಚೆಂದಾಯಿತು ಎಂದು ಒಳಗೊಳಗೇ ಹಿಗ್ಗುತ್ತಿರುವಾಗ ಪುಟ್ಟದೊಂದು ಕೈ ನಡುವೆ ಬಂದು ಆ ಕುತ್ತಿಗೆಯನ್ನು ಹಿಡಿದು ನೆಲದ ಕಡೆಗೆ ಬಗ್ಗಿಸಿಬಿಟ್ಟಿತು.

“ಹಿಂಗಲ್ರಿ. ಕಾಳು ತಿನ್ನೂ ಮುಂದ ಅದರ ತಲಿ ಕೆಳಗಿರ್ತೈತಿ.”

ನಿಮ್ಮ ಹತ್ತಿರ ಸುಳ್ಳು ಯಾಕೆ, ನನಗೆ ಸಿಟ್ಟು ಬಂತು. ಕಾಲು ಗಂಟೆಯ ಕುತ್ತಿಗೆ! ನನ್ನ ಕೋಳಿ ಕಾಳು ತಿನ್ನುತ್ತಿಲ್ಲ, ತಲೆಯೆತ್ತಿ ನಿಂತಿದೆ ಎಂಬ ಮಾತು ಬಾಯಿಯವರೆಗೆ ಬಂತು. ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತೆ. ಶಿವಲೀಲಾ ನನ್ನ ಮುಖ ನೋಡಲಿಲ್ಲ, ಏನನ್ನೂ ಕೇಳಲಿಲ್ಲ. ಕೋಳಿಯನ್ನು ಪೂರ್ತಿ ತನ್ನತ್ತ ಎಳೆದುಕೊಂಡು ಬಾಲ ತಿದ್ದತೊಡಗಿದಳು.