ನಮ್ಮ ಯಂತ್ರ ಓದುವ ತನಕ

ನನ್ನ ತಂಗಿಗೆ ನಲವತ್ತೊಂದು ವರ್ಷವಾಗಿದ್ದಾಗ ಚಿಂಚೋಳಿಯಲ್ಲಿ ಕೆಲಸಕ್ಕಿದ್ದ ಪಶುವೈದ್ಯರೊಬ್ಬರು ಅವಳನ್ನು ಮದುವೆಯಾಗಲು ಕೇಳಿದರು. ಬಾಯಿಂದ ಕೇಳಲಿಲ್ಲ, ಕಾಗದದಲ್ಲೂ ಬರೆಯಲಿಲ್ಲ. ಬಿಟ್‌ಕಾಯಿನ್ ಜಾಲದಲ್ಲಿ ಬರೆದು ಕೇಳಿದರು. ಇದನ್ನು ನಡೆದ ಹಾಗೆಯೇ ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ನಾನು ವಾಡಿಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದೇನೆ. ನನ್ನ ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ತಂಗಿ ಚಿತ್ತಾಪುರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ, ಆಗ ನಮ್ಮ ಜೊತೆಗೇ ಇದ್ದಳು. ಕ್ವಾರ್ಟರ್ಸಿನ ನಡುಮನೆಯ ಮೂಲೆಯಲ್ಲಿ, ಶಹಾಬಾದಿನ ಫರಸಿಕಲ್ಲಿನ ತುಂಡೊಂದರ ಮೇಲೆ, ನಾವು ಅಕ್ಕತಂಗಿಯರು ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದೆವು. ಅದು ನಮ್ಮ ನೋಡ್. ಜಗತ್ತಿನಲ್ಲಿ ಯಾರು ಯಾರಿಗೆ ಬಿಟ್‌ಕಾಯಿನ್ ಕಳಿಸಿದರೂ ಆ ದಾಖಲೆಯ ಪೂರ್ತಿ ನಕಲು ಅದರಲ್ಲಿರುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ದಾಖಲೆಗೆ ಹೊಸ ಪುಟ ಸೇರುತ್ತದೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ನಮ್ಮ ಯಂತ್ರ ಅದನ್ನು ತಾನೇ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಒಪ್ಪಿಕೊಳ್ಳುತ್ತದೆ. ನಮಗೆ ಇದರಿಂದ ಲಾಭವೇನೂ ಇರಲಿಲ್ಲ. ಬೇರೆಯವರ ಮಾತು ನಂಬದೆ ನಾವೇ ನೋಡಬಹುದಲ್ಲ, ಅದೇ ಸುಖ. ಸಿಗ್ನಲ್ ಹಸಿರಾಯಿತೆಂದು ಯಾರಾದರೂ ಹೇಳಿದರೂ ನಾನು ಕತ್ತೆತ್ತಿ ದೀಪ ನೋಡುವವಳೇ.

ಕೆಲವು ವರ್ಷಗಳ ಹಿಂದೆ ಜನ ಆ ದಾಖಲೆಯೊಳಗೆ ಚಿತ್ರ, ಬರಹ, ತಾವೇ ಹುಟ್ಟಿಸಿದ ಟೋಕನ್ ಎಂಬ ನಾಣ್ಯಗಳ ಚೀಟಿ ತುರುಕಲು ಶುರು ಮಾಡಿದರು. ಮಂಗಗಳು, ಕಪ್ಪೆಗಳು, ಕನ್ನಡಕ ಹಾಕಿದ ಬೆಕ್ಕುಗಳು. ಒಮ್ಮೆ ಸೇರಿದರೆ ಅಳಿಸುವಂತಿಲ್ಲ, ಪೂರ್ತಿ ನಕಲು ಇಟ್ಟ ಪ್ರತಿಯೊಬ್ಬರೂ ಹೊರಬೇಕು. ಚಿತ್ರಗಳು ಡಿಸ್ಕ್ ತುಂಬಿಸಿದವು. ಟೋಕನ್ ಚೀಟಿಗಳದು ಇನ್ನೂ ದೊಡ್ಡ ಕಾಟ. ಒಂದೊಂದು ಚೀಟಿಯೂ ಖರ್ಚಾಗದ ಒಂದು ಚೂರು ನಾಣ್ಯವನ್ನು ಹಿಂದೆ ಬಿಟ್ಟು ಹೋಗುತ್ತದೆ, ಅಂಥ ಚೂರುಗಳ ಪಟ್ಟಿಯನ್ನು ಯಂತ್ರ ಸದಾ ಕೈಯಳತೆಯಲ್ಲಿಟ್ಟುಕೊಳ್ಳಬೇಕು. ಪಟ್ಟಿ ನಮ್ಮ ಯಂತ್ರದ ಮೆಮೊರಿಯಲ್ಲಿ ಹಿಡಿಯದಷ್ಟಾಯಿತು. ಪ್ರತಿಯೊಂದಕ್ಕೂ ನಿಧಾನದ ಡಿಸ್ಕನ್ನು ತಡಕಾಡುತ್ತ ಅದು ಏದುಸಿರು ಬಿಡತೊಡಗಿತು. ನಾನು ದಿನಾ ಆ ಮಂಗಗಳನ್ನು ಬೈಯುತ್ತಿದ್ದೆ.

ಪಶುವೈದ್ಯರ ಬಳಿಯೂ ಒಂದು ನೋಡ್ ಇತ್ತು. ಅದರ ತೊಂದರೆಗಳನ್ನು ಕೇಳಿಕೊಂಡೇ ಅವರು ನಮಗೆ ಪರಿಚಯವಾದದ್ದು. ಗುಂಡಗುರ್ತಿಯ ಬೌದ್ಧ ಮನೆತನದವರು, ಹೆಂಡತಿ ತೀರಿ ಏಳು ವರ್ಷವಾಗಿತ್ತು. ಭಾನುವಾರ ಊಟಕ್ಕೆ ಬರುವರು. ತಂಗಿಯೂ ಅವರೂ ಗಂಟೆಗಟ್ಟಲೆ ಮಾತಾಡುವರು. ನಮಗೆಲ್ಲ ಗೊತ್ತಾಗಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಕಾರಣವಿತ್ತು. ಹಿಂದೊಮ್ಮೆ ಸೇಡಂನ ಒಂದು ಮನೆಯವರು ತಂಗಿಯನ್ನು ಒಪ್ಪಿ, ದಿನ ಗೊತ್ತುಮಾಡುವ ಹೊತ್ತಿಗೆ "ನಾವು ಯಾವಾಗ ಹೂಂ ಅಂದಿದ್ವಿ?" ಎಂದಿದ್ದರು. ಅಂದಿನಿಂದ ಅವಳು ಮದುವೆಯ ವಿಷಯದಲ್ಲಿ ಬಾಯಿಮಾತನ್ನು ನಂಬುವುದನ್ನೇ ಬಿಟ್ಟಿದ್ದಳು. ಅದನ್ನು ವೈದ್ಯರಿಗೂ ಹೇಳಿದ್ದಳು.

ಏಪ್ರಿಲ್‌ನ ಒಂದು ಸೋಮವಾರ ಅವಳ ಫೋನಿಗೆ ಅವರಿಂದ ಉದ್ದನೆಯ ಒಂದು ಸಂಖ್ಯೆ ಬಂತು. ಕೆಳಗೆ ಒಂದೇ ಮಾತು: "ಓದ್ರಿ." ಅವರು ಬರೆದದ್ದು ದಾಖಲೆಯಲ್ಲಿ ಎಲ್ಲಿದೆ ಎಂದು ಆ ಸಂಖ್ಯೆಯಿಂದ ಹುಡುಕಬಹುದು. ಅಲ್ಲಿ ಏನು ಕೇಳಿರಬಹುದೆಂದು ನಾವೆಲ್ಲ ಊಹಿಸಿದೆವು. ಆದರೆ ಹಿಂದಿನ ವಾರವೇ ನಮ್ಮ ಡಿಸ್ಕ್ ತುಂಬಿ, ಯಂತ್ರ ಅರ್ಧಕ್ಕೆ ನಿಂತು, ದಾಖಲೆ ಕೆಟ್ಟಿತ್ತು. ದೊಡ್ಡ ಡಿಸ್ಕ್ ಹಾಕಿ ಮೊದಲ ಬ್ಲಾಕಿನಿಂದ ಮತ್ತೆ ಪರೀಕ್ಷೆಗೆ ಹಚ್ಚಿದ್ದೆ. ಅವರು ಬರೆದ ಬ್ಲಾಕ್ ಇನ್ನೂ ಬಹಳ ದೂರವಿತ್ತು.

"ಫೋನಿನ್ಯಾಗ ಯಾವುದಾದ್ರೂ ವೆಬ್‌ಸೈಟ್ ತಗದು ನೋಡಬಾರದೇನವ್ವ? ಒಂದು ನಿಮಿಷದ ಕೆಲಸ," ಎಂದ ನನ್ನ ಗಂಡ.

"ವೆಬ್‌ಸೈಟ್ ಏನು ಬೇಕಾದ್ರೂ ತೋರಸ್ತದ ಮಾಮಾ. ನಮ್ಮ ಯಂತ್ರ ಓದ್ಲಿ. ಅಲ್ಲೀ ತನಕ ನಾ ಹೂಂ ಅನ್ನಂಗಿಲ್ಲ, ಉಹೂಂನೂ ಅನ್ನಂಗಿಲ್ಲ."

ಅದನ್ನೇ ಅವರಿಗೂ ತಿಳಿಸಿದಳು. ಅವರು ಭಾನುವಾರ ಬರುತ್ತೇನೆಂದರು.

ಹಳೆಯ ವರ್ಷಗಳ ಬ್ಲಾಕುಗಳು ಮೇಲ್ ಗಾಡಿಯಂತೆ ಓಡಿದವು. ಬುಧವಾರ ರಾತ್ರಿ ಮಂಗಗಳ ಕಾಲ ಮುಟ್ಟಿತು, ಗಾಡಿ ಗೂಡ್ಸ್ ಆಯಿತು. ಗುರುವಾರ, ಶುಕ್ರವಾರ ಹೆಚ್ಚುಕಡಿಮೆ ನಿಂತೇಬಿಟ್ಟಿತು. ತಂಗಿ ಬೆಳಗಿನ ಗಾಡಿಗೆ ಹೊರಡುವ ಮುನ್ನ ಡಬ್ಬಿ ಕೈಯಲ್ಲಿ ಹಿಡಿದು ಪರದೆಯ ಮುಂದೆ ನಿಲ್ಲುವಳು. ಇಷ್ಟು ವರ್ಷ ಕಾದವಳು ಇನ್ನು ನಾಲ್ಕು ದಿನ ಕಾಯಲಾರಳೇ ಎಂದುಕೊಳ್ಳುತ್ತಿದ್ದೆ. ಆದರೆ ಅವಳು ಹೊಸ್ತಿಲಲ್ಲಿ ತಿರುಗಿ ಪರದೆಯನ್ನು ಇನ್ನೊಮ್ಮೆ ನೋಡುವಳು.

ಶನಿವಾರ ಡ್ಯೂಟಿ ಮುಗಿಸಿ ಬಂದು ಯಂತ್ರದ ಮೇಲೆ ಕೈಯಿಟ್ಟೆ. ಕೈಗೆ ಸಿಕ್ಕಿದ್ದು ಕೌದಿ. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ, ನಾಲ್ಕು ಪದರಿನ ದಪ್ಪ ಹೊದಿಕೆ. ವಾಡಿಯಲ್ಲಿ ಎಲ್ಲರ ಮನೆಯಲ್ಲೂ ಟಿವಿಗೆ, ಮಿಕ್ಸರಿಗೆ ಏನಾದರೊಂದು ಹೊದಿಕೆ ಇದ್ದೇ ಇರುತ್ತದೆ. ಹಾಗಾಗಿ ಅಷ್ಟು ದಿನ ಕೌದಿ ಕಣ್ಣೆದುರೇ ಇದ್ದರೂ ನಾವು ಅಕ್ಕತಂಗಿಯರು ಅದನ್ನು ಗಮನಿಸಿರಲಿಲ್ಲ. ಕೆಳಗೆ ಕೈ ತೂರಿಸಿದೆ. ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಕಾದರೆ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

"ಯಾರು ಹೊದ್ಸಿದ್ರು ಇದನ್ನ?"

"ನಾನೇ," ಎಂದ ಗಂಡ ಹೆಮ್ಮೆಯಿಂದ. "ಹೊಸ ಡಿಸ್ಕ್ ಹಾಕಿದಿ ಅಂತ ಬುಧವಾರ ಹೊದ್ಸಿದೆ. ಕಾರ್ಖಾನಿ ಧೂಳು ಕುಂತ್ರ ಕಲ್ಲಾಗ್ತದ, ನನಗ ಗೊತ್ತಿಲ್ಲೇನು?"

"ನೀ ನನ್ನ ತಂಗಿ ಲಗ್ನಕ್ಕ ಕೌದಿ ಹೊದ್ಸಿದಿ ಮಾರಾಯಾ!"

ಕೌದಿ ತೆಗೆದು ಟೇಬಲ್ ಫ್ಯಾನ್ ತಿರುಗಿಸಿದೆ. ಒಂದು ಗಂಟೆಯಲ್ಲಿ ವೇಗ ಏರಿತು. ತಡವಾದದ್ದು ಮಂಗಗಳಿಂದ ಎಷ್ಟು, ಕೌದಿಯಿಂದ ಎಷ್ಟು ಎಂದು ನಾನು ಖಚಿತವಾಗಿ ಹೇಳಲಾರೆ. ಎರಡೂ ಸೇರಿತ್ತು. ಮೂರು ದಿನ ಮಂಗಗಳನ್ನಷ್ಟೇ ಬೈದದ್ದು ಮಾತ್ರ ನನ್ನ ತಪ್ಪು.

ಭಾನುವಾರ ವೈದ್ಯರು ಒಂದು ಚೀಲ ಮಾವಿನಕಾಯಿ ಹಿಡಿದು ಬಂದರು. ಅವರ ಬ್ಲಾಕ್ ಇನ್ನೂ ಸ್ವಲ್ಪ ಮುಂದಿತ್ತು.

"ಬರ್ರಿ ಡಾಕ್ಟರ್ ಸಾಬ್, ಕುಂದ್ರಿ. ಎಮ್ಮಿಗಿ ಹಾಕ್ದಂಗ ಇದಕ್ಕೊಂದು ಸೂಜಿ ಹಾಕ್ರಿ," ಎಂದ ಗಂಡ.

"ಎಮ್ಮಿ ಆದ್ರ ಬಾಲ ಹಿಡೀತಿದ್ದೆ. ಇದರ ಬಾಲ ಎಲ್ಲದ ಅಂತ ಹುಡುಕ್ಲಿ?" ಎಂದು ನಕ್ಕರು. ಊಟಕ್ಕೆ ಪುಂಡಿಪಲ್ಯ, ರೊಟ್ಟಿ ಇತ್ತು. ಅವರು ಅರ್ಧ ರೊಟ್ಟಿಯೂ ತಿನ್ನಲಿಲ್ಲ.

ಮೂರು ಗಂಟೆ ದಾಟಿದ ಮೇಲೆ ಆ ಬ್ಲಾಕ್ ಬಂತು. ಯಂತ್ರ ಪರೀಕ್ಷಿಸಿತು, ಒಪ್ಪಿಕೊಂಡಿತು. ತಂಗಿ ಕೂತು ಆ ಉದ್ದ ಸಂಖ್ಯೆಯನ್ನು ಒಂದೊಂದು ಅಂಕಿಯಾಗಿ ತಾಳೆ ನೋಡಿ ಯಂತ್ರಕ್ಕೆ ಕೊಟ್ಟಳು. ಪರದೆಯ ತುಂಬ ಅಂಕಿ ಅಕ್ಷರಗಳ ಸಾಲು ಬಿತ್ತು. ಅದರಲ್ಲಿ ಮತ್ತೆ ಮತ್ತೆ ಇ, ಸೊನ್ನೆ, ಬಿ, ಎರಡು. ಇ, ಸೊನ್ನೆ, ಬಿ, ಮೂರು. ಕಂಪ್ಯೂಟರಿನೊಳಗೆ ಕನ್ನಡದ ಪ್ರತಿ ಅಕ್ಷರವೂ ಹಾಗೆಯೇ ಶುರುವಾಗುತ್ತದೆ. ಬರೆದದ್ದು ಕನ್ನಡವೆಂದು ಓದುವ ಮೊದಲೇ ನಮಗೆ ಗೊತ್ತಾಯಿತು. ತಂಗಿ ಸಾಲುಗಳನ್ನು ಅಕ್ಷರಕ್ಕೆ ಇಳಿಸಿ, ಮೊದಲು ಮನಸ್ಸಿನಲ್ಲೇ ಓದಿ, ಆಮೇಲೆ ಗಟ್ಟಿಯಾಗಿ ಓದಿದಳು:

"ನಾನು ಬೌದ್ಧ, ನೀವು ಲಿಂಗಾಯತರು. ನಮ್ಮ ಮನ್ಯಾಗ ಕೇಳೀನಿ, ಒಪ್ಪ್ಯಾರ. ನನಗ ಬಿಪಿ ಅದ, ದಿನಾ ಮುಂಜಾನಿ ಒಂದು ಗುಳಗಿ ತಗೋತೀನಿ. ಗೊರಕಿ ಹೊಡೀತೀನಿ. ರೊಟ್ಟಿ ಬಡೀಲಿಕ್ಕ ಬರ್ತದ. ನಿಮ್ಮನ್ನ ಲಗ್ನ ಆಗಬೇಕಂತ ಭಾಳ ಆಸೆ ಅದ. ನಾ ಹಿಂಗ ಅಂದೇ ಇಲ್ಲ ಅಂತ ನನಗ ಎಂದೂ ಅನ್ಲಿಕ್ಕ ಬರಬಾರದು, ಅದಕ್ಕ ಇಲ್ಲಿ ಬರದೀನಿ."

ತಂಗಿ ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದಳು.

"ಜಪಾನ್‌ದಾಗ ಯಾರದಾದ್ರೂ ಮನ್ಯಾಗಿನ ಯಂತ್ರ ಇನ್ನ ನಿಮ್ಮ ಬಿಪಿ ಗುಳಗಿ ಸುದ್ದಿ ಹೊತ್ಕೊಂಡು ಕುಂದ್ರಬೇಕು. ನಾಚಿಕಿ ಅದನೋ ಇಲ್ಲೋ?"

"ತಪ್ಪಾಯ್ತ್ರಿ," ಎಂದರು ಅವರು, ತಲೆ ತಗ್ಗಿಸಿ. "ಖರೆ ಹೇಳ್ತೀನಿ, ಒಂದು ಮಂಗನ ಮೂಗಿನಷ್ಟೂ ಜಾಗ ತಗೊಂಡಿಲ್ಲ."

"ನಾ ಅಂತೂ ಉತ್ತರ ಅಲ್ಲಿ ಬರ್ಯಂಗಿಲ್ಲ. ಮಂದಿ ಯಂತ್ರದ ಮ್ಯಾಲ ಇನ್ನಷ್ಟು ಭಾರ ಯಾಕ?"

"ಮತ್ತ... ಎಲ್ಲಿ?"

"ಇಲ್ಲೇ, ಬಾಯಿಲೆ ಅಂತೀನಿ. ಅಕ್ಕಾ ಕೇಳು, ಮಾಮಾ ನೀವೂ ಕೇಳ್ರಿ." ಅವಳು ಒಮ್ಮೆ ಉಸಿರೆಳೆದುಕೊಂಡಳು. "ಹೂಂ."